ಗ್ರಂಥದ ಸಂದು ಸಡಿಲಿದಾಗ

1948ರಲ್ಲಿ ಅಸ್ತಿತ್ವಕ್ಕೆ ಬಂದ ಜಯನಗರದಲ್ಲಿಯೂ ಅದರ ನೆರೆಯ ಬನಶಂಕರಿಯಲ್ಲಿಯೂ ತಂದೆ ತಾತಂದಿರು ಕೂಡಿಟ್ಟ ಗ್ರಂಥಗಳನ್ನು ಕಾಪಾಡಿಕೊಂಡು ಬಂದ ಮನೆಗಳು ಅನೇಕ. ಕನ್ನಡ ಸಾಹಿತ್ಯ ಪರಿಷತ್ತು 8 ಸಂಪುಟಗಳಲ್ಲಿ ಪ್ರಕಟಿಸಿದ ನಿಘಂಟಿಗೆ ಪ್ರಧಾನ ಸಂಪಾದಕರಾಗಿ ದುಡಿದು, 2021ರಲ್ಲಿ ತಮ್ಮ 107ನೆಯ ವಯಸ್ಸಿನಲ್ಲಿ ನಿಧನರಾದ ಪ್ರೊ. ಜಿ. ವೆಂಕಟಸುಬ್ಬಯ್ಯನವರು ಜಯನಗರದ ನಿವಾಸಿಗಳೇ ಆಗಿದ್ದರು. ನಿಘಂಟನ್ನು ಕಥೆಯ ಪುಸ್ತಕದಂತೆ ಒಮ್ಮೆ ಓದಿ ಎತ್ತಿಡಲಾಗದು. ಅದನ್ನು ದಿನಕ್ಕೆ ಹಲವು ಬಾರಿ ತೆರೆಯಬೇಕು, ಮುಚ್ಚಬೇಕು. ಇಂತಹ ಭಾರವಾದ ಗ್ರಂಥಗಳಲ್ಲಿ ಎಲ್ಲಕ್ಕಿಂತ ಮೊದಲು ಸೋಲುವ ಅಂಗವೆಂದರೆ ರಟ್ಟು ಬೆನ್ನಿಗೆ ಕೂಡುವ ಸಂದು. ಆರಂಭದಲ್ಲಿಯೇ ಗಮನಿಸಿದರೆ ಇದನ್ನು ಮನೆಯಲ್ಲಿಯೇ ಒಂದು ಸಂಜೆ ಸರಿಪಡಿಸಬಹುದು. ಅಲಕ್ಷಿಸಿದರೆ ಗ್ರಂಥವೇ ಕೈಬಿಡುತ್ತದೆ.

ಗ್ರಂಥದ ಅಂಗರಚನೆ

ಮುದ್ರಿತ ಹಾಳೆಗಳನ್ನು ಮಡಿಸಿ, ಫಾರಂಗಳನ್ನಾಗಿ ಮಾಡಿ, ದಾರದಿಂದ ಹೊಲಿದ ಮೇಲೆ ಅವುಗಳ ಬೆನ್ನಿಗೆ ಜಾಲರಿಯಂತಹ ತೆಳುಬಟ್ಟೆಯೊಂದನ್ನು ಅಂಟಿಸುತ್ತಾರೆ. ಈ ಬಟ್ಟೆಯು ಬೆನ್ನಿನ ಎರಡೂ ಪಕ್ಕಕ್ಕೆ ಎರಡು ಬೆರಳಿನಷ್ಟು ಚಾಚಿಕೊಂಡಿರುತ್ತದೆ. ಆ ಚಾಚನ್ನು ರಟ್ಟುಗಳ ಒಳಮೈಗೆ ಅಂಟಿಸಿ, ಮೇಲೆ ಒಳಹಾಳೆಯನ್ನು ಹೊದಿಸುತ್ತಾರೆ. ಅಂದರೆ ಸಾವಿರ ಪುಟಗಳ ಭಾರವನ್ನು ರಟ್ಟಿಗೆ ಹಿಡಿದಿಡುವುದು ಒಂದು ತೆಳುಬಟ್ಟೆ ಮತ್ತು ಒಂದು ಕಾಗದ ಮಾತ್ರ.

ರಟ್ಟುಗಳು ಹಾಳೆಗಳಿಗಿಂತ ತುಸು ದೊಡ್ಡವು. ಆದುದರಿಂದ ಕಪಾಟಿನಲ್ಲಿ ಪುಸ್ತಕವು ನೆಟ್ಟಗೆ ನಿಂತಾಗ ರಟ್ಟಿನ ಅಂಚು ಮಾತ್ರ ಹಲಗೆಯನ್ನು ಮುಟ್ಟುತ್ತದೆ. ಹಾಳೆಗಳ ಕಟ್ಟು ಸಂದಿನ ಆಧಾರದಿಂದ ತೂಗುತ್ತಿರುತ್ತದೆ. ವರ್ಷಗಳು ಕಳೆದಂತೆ ಈ ಭಾರಕ್ಕೆ ಸಂದು ಜಗ್ಗುತ್ತದೆ. ಬೆನ್ನಿನ ತುದಿಗೆ ಬೆರಳು ಹಾಕಿ ಪುಸ್ತಕವನ್ನು ಎಳೆದು ತೆಗೆಯುವ ಅಭ್ಯಾಸವೂ, ಬೇಸಗೆಯ ಒಣಹವೆ ಮತ್ತು ಮಳೆಗಾಲದ ತೇವದಿಂದ ಹಳೆಯ ಅಂಟು ಸಡಿಲುವುದೂ ಈ ಹಾನಿಯನ್ನು ಹೆಚ್ಚಿಸುತ್ತವೆ. ಬಹಳ ದಪ್ಪನಾದ ಸಂಪುಟಗಳನ್ನು ಮಲಗಿಸಿ ಇಡಬೇಕೆಂದು ಹೇಳುವುದು ಇದಕ್ಕಾಗಿಯೇ.

ದೋಷದ ಪರೀಕ್ಷೆ

ಪುಸ್ತಕವನ್ನು ಮೇಜಿನ ಮೇಲಿಟ್ಟು ರಟ್ಟನ್ನು ಮೆಲ್ಲನೆ ತೆರೆಯಬೇಕು. ಮೂರು ಸ್ಥಿತಿಗಳು ಕಂಡುಬರಬಹುದು. ಒಳಹಾಳೆ ಹರಿಯದೆ, ರಟ್ಟಿನಿಂದ ಬಿಟ್ಟುಕೊಂಡು, ಪುಸ್ತಕ ಅಲುಗಾಡುತ್ತಿದ್ದರೆ ಅದು ಮೊದಲನೆಯದು. ಇದು ಮನೆಯಲ್ಲಿಯೇ ಸಾಧ್ಯವಾದ ಕೆಲಸ. ಒಳಹಾಳೆ ಸಂದಿನುದ್ದಕ್ಕೂ ಸೀಳಿದ್ದು, ಅಡಿಯ ಬಟ್ಟೆ ಗಟ್ಟಿಯಾಗಿದ್ದರೆ, ತೆಳುವಾದ ಬಲವುಳ್ಳ ಕಾಗದದ ಪಟ್ಟಿಯೊಂದನ್ನು ಸೀಳಿನ ಮೇಲೆ ಅಂಟಿಸಬೇಕು. ಬಟ್ಟೆಯೇ ಹರಿದು ಹಾಳೆಗಳು ರಟ್ಟಿನಿಂದ ಬೇರ್ಪಟ್ಟಿದ್ದರೆ, ಅಥವಾ ಹೊಲಿಗೆ ಕಡಿದಿದ್ದರೆ, ನುರಿತ ಬೈಂಡರನ ಕೈಗೆ ಒಪ್ಪಿಸುವುದೇ ವಿವೇಕ.

ದುರಸ್ತಿಯ ವಿಧಾನ

ಬೇಕಾಗುವ ಸಾಮಗ್ರಿ ಅಲ್ಪ: ಉಲ್ಲನ್ ಹೆಣೆಯುವ ಉದ್ದನೆಯ ಕಡ್ಡಿಗಳು ಮೂರು, ಅಂಟು, ಮೇಣದ ಕಾಗದ, ಹಳೆಯ ಮೆತ್ತನೆಯ ಬಟ್ಟೆ, ಎರಡು ಸಮತಟ್ಟಾದ ಹಲಗೆಗಳು ಮತ್ತು ಭಾರಕ್ಕೆ ಕಾಗದ ಸುತ್ತಿದ ಇಟ್ಟಿಗೆಗಳು. ನಿತ್ಯ ಬಳಕೆಯ ಪುಸ್ತಕಕ್ಕೆ ಫೆವಿಕಾಲ್‌ನಂತಹ ಬಿಳಿ ಅಂಟು ಆದೀತು. ಆದರೆ ಅದು ಒಣಗಿದ ಮೇಲೆ ನೀರಿನಿಂದ ಬಿಡಿಸಲು ಬಾರದು. ಹಳೆಯ ಪುಸ್ತಕಕ್ಕೆ ಮೈದಾ ಅಂಟು ಮೇಲು. ಒಂದು ಪಾಲು ಮೈದಾಹಿಟ್ಟನ್ನು ಐದು ಪಾಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತ ಗಂಜಿಯಂತೆ ಹೊಳಪು ಬರುವವರೆಗೆ ಕಾಯಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ಇದು ಎರಡು ದಿನಗಳಲ್ಲಿ ಹಳಸುತ್ತದೆ. ಹುಳು ಹಿಡಿಯದಿರಲೆಂದು ಬೈಂಡರುಗಳು ಇದಕ್ಕೆ ಮೈಲುತುತ್ತ ಬೆರೆಸುವುದುಂಟು. ಮೈಲುತುತ್ತ ವಿಷ, ಮಕ್ಕಳಿರುವ ಮನೆಯಲ್ಲಿ ಅದರ ಗೊಡವೆ ಬೇಡ.

ಪುಸ್ತಕವನ್ನು ನೆಟ್ಟಗೆ ನಿಲ್ಲಿಸಿ ರಟ್ಟುಗಳನ್ನು ತುಸು ಅಗಲಿಸಿದರೆ, ಸಂದಿನ ಮೇಲ್ತುದಿಯಲ್ಲಿ ರಟ್ಟಿಗೂ ಒಳಹಾಳೆಗೂ ನಡುವೆ ಸಣ್ಣ ಕೊಳವೆಯಂತಹ ಬಿರುಕು ಕಾಣುತ್ತದೆ. ಕಡ್ಡಿಗೆ ಅಂಟನ್ನು ತೆಳುವಾಗಿ ಸವರಿ, ಆ ಬಿರುಕಿನೊಳಗೆ ಇಳಿಸಿ, ಹೊರಳಿಸುತ್ತ ಎರಡೂ ಮೈಗೆ ಹಚ್ಚಬೇಕು. ಅನಂತರ ಪುಸ್ತಕವನ್ನು ತಲೆಕೆಳಗು ಮಾಡಿ ಇನ್ನೊಂದು ತುದಿಯಿಂದಲೂ ಹಾಗೆಯೇ ಮಾಡಬೇಕು. ಬೆನ್ನಿನ ಪೊಳ್ಳುಭಾಗಕ್ಕೆ ಅಂಟು ಹರಿಯಬಾರದು. ಅಲ್ಲಿ ಅಂಟಿಕೊಂಡರೆ ಪುಸ್ತಕವು ಸರಾಗವಾಗಿ ತೆರೆಯದು. ಹೆಚ್ಚಾಗಿ ಹೊರಬಂದ ಅಂಟನ್ನು ಕೂಡಲೇ ಒದ್ದೆಬಟ್ಟೆಯಿಂದ ಒರೆಸಬೇಕು.

ಬಳಿಕ ಪುಸ್ತಕವನ್ನು ಮಲಗಿಸಿ, ರಟ್ಟಿಗೂ ಮೊದಲ ಹಾಳೆಗೂ ನಡುವೆ ಮೇಣದ ಕಾಗದವನ್ನಿಟ್ಟು ಮುಚ್ಚಬೇಕು. ಹೊರಗೆ ಬೆನ್ನಿನ ಪಕ್ಕದ ಎರಡು ತೋಡುಗಳಲ್ಲಿ, ಮೇಲೊಂದು ಕೆಳಗೊಂದು, ಒಣಕಡ್ಡಿಗಳನ್ನು ಕೂರಿಸಿ, ಪುಸ್ತಕವನ್ನು ಹಲಗೆಗಳ ನಡುವೆ ಇರಿಸಿ ಭಾರ ಹೇರಬೇಕು. ಸಂದು ತನ್ನ ಮೊದಲಿನ ಆಕಾರದಲ್ಲಿ ಒಣಗುವುದು ಈ ಕಡ್ಡಿಗಳ ಒತ್ತಡದಿಂದ. ಒಂದು ರಾತ್ರಿ ಸಾಕು. ಮಳೆಗಾಲದಲ್ಲಿ ಎರಡು ದಿನ ಬಿಡುವುದು ಲೇಸು. ತೆಗೆದ ಮೇಲೆ ಒಮ್ಮೆಗೇ ನಡುವೆ ತೆರೆಯದೆ, ಎರಡೂ ಕಡೆಯಿಂದ ಕೆಲವು ಹಾಳೆಗಳಂತೆ ಸರದಿಯಾಗಿ ಬಿಡಿಸಬೇಕು.

ಮಾಡಬಾರದ ಕೆಲಸ

ಸಂದಿಗೆ ಪ್ಲಾಸ್ಟಿಕ್ ಟೇಪು ಅಂಟಿಸುವುದು ಅತ್ಯಂತ ಸಾಮಾನ್ಯವಾದ ತಪ್ಪು. ಕೆಲವು ವರ್ಷಗಳಲ್ಲಿ ಟೇಪು ಉದುರಿ, ಅದರ ಅಂಟು ಹಳದಿ ಕಲೆಯಾಗಿ ಕಾಗದದಲ್ಲಿ ಉಳಿಯುತ್ತದೆ. ಕಿತ್ತರೆ ಅಕ್ಷರಗಳೂ ಕಿತ್ತುಬರುತ್ತವೆ. 1894ರ ಕಿಟೆಲ್ ನಿಘಂಟು, 1923ರಲ್ಲಿ ಫ. ಗು. ಹಳಕಟ್ಟಿಯವರು ಹೊರತಂದ 'ವಚನಶಾಸ್ತ್ರಸಾರ' ಮುಂತಾದವುಗಳ ಪ್ರಥಮ ಮುದ್ರಣಗಳು ಯಾರ ಮನೆಯಲ್ಲಾದರೂ ಇದ್ದರೆ, ಅವುಗಳ ಮೇಲೆ ಕೈಚಳಕ ತೋರಿಸಲು ಹೋಗಬಾರದು. ನೂಲಿನ ಪಟ್ಟಿಯಿಂದ ಸಡಿಲವಾಗಿ ಕಟ್ಟಿ, ಸಂರಕ್ಷಣಾ ತಜ್ಞರಿಗೆ ತೋರಿಸಬೇಕು.

ಶಾಲೆಯ ಗ್ರಂಥಾಲಯಕ್ಕೆ ದಾನಿಗಳು ಕೊಟ್ಟ ಸಂಪುಟಗಳಲ್ಲಿ ಹೆಚ್ಚು ಓದಿಸಿಕೊಂಡವುಗಳ ಸಂದೇ ಮೊದಲು ಸಡಿಲುತ್ತದೆ. ಅವನ್ನು ಮುರುಕಲು ಪುಸ್ತಕಗಳ ರಾಶಿಗೆ ಸೇರಿಸಿದರೆ ಮುಂದಿನ ವಿದ್ಯಾರ್ಥಿಗೆ ಒಳ್ಳೆಯ ಗ್ರಂಥಗಳೇ ಸಿಗದೆ ಹೋಗುತ್ತವೆ. ವರ್ಷಕ್ಕೊಮ್ಮೆ ಕಪಾಟು ಶುಚಿಮಾಡುವಾಗ ಪ್ರತಿಯೊಂದು ಗ್ರಂಥದ ಸಂದನ್ನೂ ಪರೀಕ್ಷಿಸಿ, ಪ್ರೌಢಶಾಲೆಯ ಮಕ್ಕಳಿಗೆ ಕೈಕಸುಬಿನ ಅವಧಿಯಲ್ಲಿ ಈ ವಿಧಾನವನ್ನು, ಮೊದಲು ಹಳೆಯ ಪಠ್ಯಪುಸ್ತಕಗಳ ಮೇಲೆ, ಕಲಿಸಬಹುದು. ಕೊಟ್ಟವರ ಕೊಡುಗೆ ಆಗ ಇನ್ನೊಂದು ತಲೆಮಾರಿನ ಕೈಗೂ ಸೇರುತ್ತದೆ.