ಬ್ರೇಕ್ ಪೈಪ್ ಬದಲಿ ಮಾಡಸೂ ಮುಂಚೆ ಅಳಿಯನಿಗೆ ನಾಕು ಮಾತು

ಅಳಿಯಾ, ಸೆಕೆಂಡ್ ಹ್ಯಾಂಡ್ ಪಿಕಪ್ ತಗೊಂಡಿ ಅಂತ ನಿಮ್ಮವ್ವ ಹೇಳಿದಳು. ಚೊಲೋ ಆತು. ಇನ್ನ ಮ್ಯಾಲ ಕುಂದಗೋಳದಿಂದ ಬ್ಯಾಡಗಿಗೆ ಮೆಣಸಿನಕಾಯಿ, ನವಲಗುಂದದಿಂದ ಅಮರಗೋಳ ಎಪಿಎಂಸಿಗೆ ಉಳ್ಳಾಗಡ್ಡಿ ಹೇರಿಕೊಂಡು ಹೋಗಾಂವ ನೀನು. ಗಾಡಿ ತಗೊಳ್ಳೋರು ಇಂಜಿನ್ ಕೇಳತಾರ, ಟಯರ್ ನೋಡತಾರ. ಕೆಳಗ ಬಗ್ಗಿ ಬ್ರೇಕ್ ಪೈಪ್ ನೋಡೋರು ಕಡಿಮಿ. ಅದು ತುಕ್ಕು ಹಿಡಿದಿದ್ರ ತ್ಯಾಪಿ ಹಚ್ಚಸಬ್ಯಾಡ, ಪೂರಾ ಬದಲಿ ಮಾಡಸು. ಮಾಡಸೂ ಮುಂಚೆ ಇಷ್ಟು ತಿಳಕೊ.

• ಟಯರಿನ್ಯಾಗ 40–50 ಪೌಂಡ್ ಹವಾ ಇರತೈತಿ. ಪೆಡಲ್ ಜೋರಾಗಿ ಒತ್ತಿದ್ರ ಬ್ರೇಕ್ ಪೈಪಿನ ಒಳಗಿನ ಒತ್ತಡ 1000 ಪೌಂಡ್ ದಾಟತೈತಿ. ಅದಕ್ಕ ಡೀಸೆಲ್ ಪೈಪ್, ಮೀಟರಿನ ತಾಮ್ರದ ಪೈಪ್ ಇಲ್ಲಿ ನಡಿಯಂಗಿಲ್ಲ. ತಾಮ್ರ ಬಗ್ಗಸಾಕ ಸಸಾರ, ಆದ್ರ ಗಾಡಿ ನಡುಗಿದಂಗ ಬಿರಸಾಗಿ ಸೀಳು ಬಿಡತೈತಿ. ಬ್ರೇಕಿಗಂತನ ಮಾಡಿದ ಎರಡು ಪದರಿನ ಉಕ್ಕಿನ ಪೈಪನ್ನ ಕೇಳಿ ತಗೊ. ಸಣ್ಣ ಗಾಡಿಗೆ ಹೆಚ್ಚಾಗಿ ಬರೋದು 4.75 ಎಂಎಂ.

• ನಟ್ಟಿನ ವಿಷಯದಾಗ ಭಾಳ ಹುಷಾರಾಗಿರು, ಜೀವ ಹೋಗೂವಂಥ ತಪ್ಪು ಆಗೋದು ಇಲ್ಲೇ. ಹಳೇ ಜೀಪಿನ ನಟ್ 3/8 ಇಂಚಿಂದು, ಅಂದ್ರ ಸುಮಾರು 9.5 ಎಂಎಂ. ಈಗಿನ ಗಾಡ್ಯಾಗ ಹೆಚ್ಚಾಗಿ 10 ಎಂಎಂ. ಇಂಚಿನ ನಟ್ಟನ್ನ 10 ಎಂಎಂ ತೂತಿಗೆ ಕೊಟ್ರ ಒಳಗ ಹೋಗತೈತಿ, ತಿರಗತೈತಿ, ಬಿಗಿ ಆದಂಗೂ ಕಾಣತೈತಿ. ಅವಸರದಾಗ ಬ್ರೇಕ್ ಒತ್ತಿದ ದಿವಸ ಥ್ರೆಡ್ ಸಮೇತ ಕಿತ್ತು ಬರತೈತಿ. ಪೈಪಿನ ಬಾಯಿ ಅರಳಸೂದ್ರಾಗೂ ಎರಡು ಥರ ಐತಿ: ಒಳಗ ಮಡಚಿದ ಡಬಲ್ ಫ್ಲೇರ್, ಗುಳ್ಳಿಯಂಥ ಬಬಲ್ ಫ್ಲೇರ್. ಒಂದರ ಸೀಟಿನ ಮ್ಯಾಲ ಇನ್ನೊಂದು ಕೂಡಂಗಿಲ್ಲ. ಹುಬ್ಬಳ್ಳಿ ಅಂಗಡಿಗೆ ಹೋಗೂವಾಗ ಹಳೇ ಪೈಪ್, ಹಳೇ ನಟ್ ಎರಡನೂ ಕೈಯಾಗ ಹಿಡಕೊಂಡು ಹೋಗು. ಬಾಯಿಮಾತಿಲೆ ಹೇಳಿ ತರಬ್ಯಾಡ.

• ಫ್ಲೇರ್ ಸೋರಿದ್ರ ಟೇಪ್ ಸುತ್ತಬ್ಯಾಡ, ಎಂ-ಸೀಲ್ ಬಳಿಬ್ಯಾಡ. ಅಲ್ಲಿ ಎಣ್ಣಿ ತಡಿಯೋದು ಲೋಹಕ್ಕ ಲೋಹ ಕೂತ ಜಾಗ, ಥ್ರೆಡ್ ಅಲ್ಲ. ಸೋರತೈತಿ ಅಂದ್ರ ಬಾಯಿ ಸರಿ ಅರಳಿಲ್ಲ. ಕತ್ತರಿಸಿ ಮತ್ತ ಮಾಡಸು.

• ಹೋಸಿನ ತುದಿಯ ತಾಮ್ರದ ವಾಷರ್ ಬಿಚ್ಚಿದಾಗೊಮ್ಮೆ ಹೊಸದು ಹಾಕು. ಬೋಲ್ಟು ಹಾಯ್ದು ಹೋಗೂ ಕಡೆ ಎರಡೂ ಬಾಜೂಕ ಒಂದೊಂದು.

• ರಬ್ಬರ್ ಹೋಸ್ ಮ್ಯಾಲ ಕಂಪನಿಯವರು ತಯಾರಾದ ತಾರೀಖು ಒತ್ತಿರತಾರ, ಓದು. ವರ್ಷಗಟ್ಟಲೆ ಅಂಗಡ್ಯಾಗ ಬಿಸಲು ಕಂಡ ಹೋಸ್ ಬ್ಯಾಡ. ಹಾಕಿದ ಮ್ಯಾಲ ಸ್ಟೇರಿಂಗ್ ಎರಡೂ ಕಡೆ ಪೂರಾ ತಿರುವಿ ನೋಡು: ಹೋಸ್ ಜಗ್ಗಬಾರದು, ಟಯರಿಗೆ ತಾಗಬಾರದು, ಹೊಸೆದುಕೊಂಡಿರಬಾರದು. ಹಳೇ ಹೋಸ್ ಹೊರಗ ನೆಟ್ಟಗ ಕಂಡ್ರೂ ಒಳಗ ಉಬ್ಬಿರತೈತಿ. ಆವಾಗ ಎಣ್ಣಿ ಹೋಗತೈತಿ, ಹೊಳ್ಳಿ ಬರಂಗಿಲ್ಲ, ಚಕ್ರ ಹಿಡಕೊಂಡು ಕಾಯತೈತಿ. ಟ್ರ್ಯಾಕ್ಟರ್ ಟ್ರ್ಯಾಲಿ ಎತ್ತೂ ಹೈಡ್ರಾಲಿಕ್ ಹೋಸ್ ದಪ್ಪ ಐತಿ ಅಂತ ಇದಕ್ಕ ಹಾಕಬ್ಯಾಡ. ಅದರ ರಬ್ಬರ್ ಬ್ಯಾರೆ ಎಣ್ಣಿಗೆ ಮಾಡಿದ್ದು.

• ಬ್ರೇಕ್ ಎಣ್ಣಿ ಡಬ್ಬಿ ಮ್ಯಾಲ ಡಾಟ್ 3, ಡಾಟ್ 4 ಅಂತ ಇರತೈತಿ, ಗಾಡಿಗೆ ಯಾವದು ಹೇಳ್ಯಾರೋ ಅದನ್ನ ಹಾಕು. ಈ ಎಣ್ಣಿ ಹವಾದಾಗಿನ ನೀರು ಹೀರತೈತಿ. ಹೊಸ ಡಾಟ್ 3 ಕುದಿಯಾಕ ಕಡಿಮಿ ಅಂದ್ರೂ 205 ಡಿಗ್ರಿ ಬೇಕು, ನೀರು ಹೀರಿದ್ದು 140ಕ್ಕ ಕುದಿಬಹುದು. ಕಲಘಟಗಿ ದಾಟಿ, ಯಲ್ಲಾಪುರ ಬಿಟ್ಟು ಅರಬೈಲ್ ಘಟ್ಟ ಇಳಿಯೂವಾಗ ಬ್ರೇಕ್ ಮ್ಯಾಲ ಬ್ರೇಕ್ ಒತ್ತಿದ್ರ ಎಣ್ಣಿ ಕುದ್ದು ಆವಿ ಆಗತೈತಿ, ಪೆಡಲ್ ನೆಲಕ್ಕ ಹತ್ತತೈತಿ. ಎರಡು ವರ್ಷಕ್ಕೊಮ್ಮೆ ಎಣ್ಣಿ ಬದಲಿ ಮಾಡು, ಘಟ್ಟದಾಗ ಸಣ್ಣ ಗೇರಿನ್ಯಾಗ ಇಳಿ. ಇಂಜಿನ್ ಆಯಿಲ್, ಹೈಡ್ರಾಲಿಕ್ ಆಯಿಲ್ ಒಂದು ಹನಿ ಸೇರಿದ್ರೂ ರಬ್ಬರ್ ಸೀಲ್ ಉಬ್ಬತಾವ. ಪೈಪ್ ತೊಳಿಯಾಕ ಡೀಸೆಲ್ ಸುದ್ದಾ ಬ್ಯಾಡ.

• ನಮ್ಮ ಯರಿ ಮಣ್ಣು ಮಳಿಗಾಲದಾಗ ಚಕ್ರಕ್ಕ, ಪೈಪಿಗೆ ಮೆತ್ತಿಕೊಂಡು ದಿನಗಟ್ಟಲೆ ಹಸಿ ಹಿಡಿತೈತಿ. ಮಲಪ್ರಭಾ ಕಾಲುವಿ ನೀರು ಬಂದ ಕೆಲವು ಹೊಲದಾಗ ಸವಳು ಎದ್ದೈತಿ, ಆ ಮಣ್ಣಿನ್ಯಾಗಿನ ಉಪ್ಪು ಉಕ್ಕನ್ನ ಇನ್ನೂ ಲಗೂನ ತಿಂತೈತಿ. ಹೊಲದಿಂದ ಬಂದ ಮ್ಯಾಲ ಮ್ಯಾಲಿಂದಷ್ಟ ತೊಳಿಬ್ಯಾಡ, ಕೆಳಗ ಕ್ಲಿಪ್ಪಿನ ಸಂದಿಗೂ ನೀರು ಹೊಡಿ. ತುಕ್ಕು ಮೊದಲು ಹಿಡಿಯೋದು ಅಲ್ಲೇ.

• ಪೈಪ್ ಸೈಲೆನ್ಸರಿನಿಂದ, ಕಾಯೂ ಡ್ರಮ್ಮಿನಿಂದ ದೂರ ಹಾಯ್ಸು. ಕಾವು ಪೈಪಿಗೆ ಏನು ಮಾಡತೈತಿ ಅನ್ನೂದಕ್ಕ ಒಂದು ವಿಮಾನದ ಕತಿ ಕೇಳು. ಬೆಂಗಳೂರಿನ ಎನ್‌ಎಎಲ್ ಸಂಸ್ಥೆಯವರು ಲಾಂಗ್-ಈಝಿ ಅನ್ನೂ ವಿಮಾನದ ಮಾದರಿಯಿಂದ ಒಂದು ಹಗುರ ವಿಮಾನ ಕಟ್ಟಿ 1987ರಾಗ ಹಾರಿಸಿದ್ರು. ಅದೇ ಜಾತಿ ವಿಮಾನ ಮನ್ಯಾಗ ಕಟ್ಟೂ ಹೊರದೇಶದ ಮಂದಿ ಬ್ರೇಕಿಗೆ ನೈಲಾನ್ ಪೈಪ್ ಹಾಕತಿದ್ರು. ಕಾದ ಚಕ್ರದ ಹತ್ರ ಅದು ಕರಗತೈತಿ ಅಂತ ಗೊತ್ತಾದ ಮ್ಯಾಲ, ಅಷ್ಟು ಭಾಗಕ್ಕ ಲೋಹದ ಪೈಪ್ ಬಂತು. ವಿಮಾನ ಇರಲಿ, ಪಿಕಪ್ ಇರಲಿ, ಬ್ರೇಕಿನ ಕಾವು ಒಂದೇ.

• ಕೆಲಸ ಮುಗಿದ ಮ್ಯಾಲ ಏರ್ ತಗಸು. ಎಲ್ಲಾ ಜೋಡಣಿ ಬಟ್ಟಿಲೆ ಒರಸು. ಒಬ್ಬರು ಪೆಡಲ್ ಜೋರಾಗಿ ಒತ್ತಿ ಒಂದು ನಿಮಿಷ ಹಿಡೀಲಿ, ನೀ ಕೆಳಗ ಬ್ಯಾಟರಿ ಹಿಡಿದು ಒಂದೊಂದ ನಟ್ ನೋಡು. ಪೆಡಲ್ ನಿಧಾನಕ ಇಳಿದ್ರ ಎಲ್ಲೋ ಬಿಟ್ಟೈತಿ. ಮೊದಲ ಖೇಪು ಖಾಲಿ ಗಾಡಿಲೆ ಊರ ಹತ್ರನ ಹೊಡಿ.

• ಪೆಡಲ್ ನೆಲಕ್ಕ ಹತ್ತಿದ ಗಾಡೀನ ಗ್ಯಾರೇಜಿನ ತನಕ ನಡಸಿಕೊಂಡು ಹೋಗಬ್ಯಾಡ ಅಳಿಯಾ. ಗಾಡಿ ನಿಂತಲ್ಲೇ ನಿಲ್ಲಲಿ, ಮೆಕ್ಯಾನಿಕ್ಕನ್ನ ಅಲ್ಲಿಗೇ ಕರಸು.