ಮಹಾಪೂರದ ಗೆರೆಯೊಳಗೆ ಟೈರ್ ಘಟಕ

ಹಳೇ ಟೈರ್ ಕಾಯಿಸಿ ಎಣ್ಣೆ ತೆಗೆಯುವ ಘಟಕವೊಂದು ನಮ್ಮೂರ ಸೀಮೆಗೆ ಬರುತ್ತದಂತೆ ಎಂಬ ಸುದ್ದಿ ಮೊದಲು ಬಂದದ್ದು ಹೊಲ ಎನ್‌ಎ (ಕೃಷಿಯೇತರ) ಮಾಡಿಸುವ ಓಡಾಟದಿಂದ. ಚಿಕ್ಕೋಡಿ ತಾಲೂಕಿನ ಹೊಳೆದಂಡೆಯ ಊರು ನಮ್ಮದು. ಉತಾರದಲ್ಲಿ ಹೆಸರು ಬದಲಾದರೆ ಸಂಜೆಯೊಳಗೆ ಕಟ್ಟೆಗೆ ಗೊತ್ತಾಗುತ್ತದೆ. ನೋಡನೋಡುತ್ತಲೇ ‘ಬಾವಿ ನೀರೆಲ್ಲ ಎಣ್ಣಿ ಆಗ್ತದಂತ’, ‘ಹುಟ್ಟೋ ಕೂಸಿಗೂ ರೋಗ ಬರ್ತದಂತ’ ಎಂಬ ಮಾತು ಊರು ತುಂಬಿತು. ಜನರ ಹೆದರಿಕೆಗೆ ಕಾರಣವಿತ್ತು. ಆದರೆ ಹೆದರಿಕೆಗೆ ಕಚೇರಿಯಲ್ಲಿ ಫೈಲ್ ಇರುವುದಿಲ್ಲ. ಬರೆದುಕೊಟ್ಟ ಪ್ರಶ್ನೆಗೆ ಇರುತ್ತದೆ.

ಮೊದಲು ಘಟಕದ ಕೆಲಸ ಏನೆಂದು ತಿಳಿದುಕೊಂಡೆವು. ಗಾಳಿ ಹೋಗದ ಉಕ್ಕಿನ ಸಿಲಿಂಡರಿಗೆ ಟೈರ್ ತುಂಬಿ ನಾನೂರು–ಐನೂರು ಡಿಗ್ರಿಗೆ ಕಾಯಿಸುತ್ತಾರೆ. ಇದೇ ಪೈರೋಲಿಸಿಸ್. ನೂರು ಕಿಲೋ ಟೈರಿಗೆ ಸುಮಾರು ನಲವತ್ತು ಕಿಲೋ ಎಣ್ಣೆ, ಮೂವತ್ತು–ಮೂವತ್ತೈದು ಕಿಲೋ ಕರಿಪುಡಿ. ಉಳಿದದ್ದು ತಂತಿ ಮತ್ತು ಗ್ಯಾಸ್. ಬಯಲಲ್ಲಿ ಟೈರ್ ಸುಟ್ಟ ಹಾಗಲ್ಲ, ನಿಜ. ಅಪಾಯ ಹೆಚ್ಚು ಇರುವುದು ಒಂದೊಂದೇ ಲೋಡು ಬೇಯಿಸಿ ಇಳಿಸುವ ಬ್ಯಾಚ್ ಪದ್ಧತಿಯಲ್ಲಿ. ಕಾವು ಆರುವ ಮೊದಲೇ ಬಾಗಿಲು ತೆಗೆದರೆ ಒಳಗಿನ ಗ್ಯಾಸಿಗೆ ಗಾಳಿ ತಾಗಿ ಬೆಂಕಿ ಹತ್ತುತ್ತದೆ. ಪುಡಿ ಹಾರಿ ಕಬ್ಬಿನ ರವದಿ, ದನದ ಮೇವಿನ ಮೇಲೆಲ್ಲ ಕೂರುತ್ತದೆ. ಬ್ಯಾಚೋ, ನಿರಂತರವೋ ಎಂಬುದೇ ನಮ್ಮ ಮೊದಲ ಪ್ರಶ್ನೆಯಾಯಿತು. ಬ್ಯಾಚ್ ಎಂದು ಘಟಕದವರಿಂದ ಉತ್ತರ ಬಂತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೇ ಇಟ್ಟ ಲೆಕ್ಕದಲ್ಲಿ 19 ರಾಜ್ಯಗಳ 637 ಘಟಕಗಳ ಪೈಕಿ 270 ನಿಯಮ ಪಾಲಿಸುತ್ತಿರಲಿಲ್ಲ, 116 ಬಾಗಿಲು ಹಾಕಿದ್ದವು. ಈ ಅಂಕಿ ಗ್ರಾಮಸಭೆಯಲ್ಲಿ ಓದಿದ ಮೇಲೆ ‘ನೀವು ಸುಮ್ಮನ ಹೆದರ್ತೀರಿ’ ಎನ್ನುವ ಮಾತು ನಿಂತಿತು.

ಇಂಥ ಘಟಕಗಳ ಅರ್ಜಿಗಳು ಈಗಲೇ ಯಾಕೆ ಬರುತ್ತಿವೆ ಎಂಬುದಕ್ಕೂ ಕಾರಣವಿದೆ. 2022ರ ಜುಲೈನಲ್ಲಿ ಬಂದ ತಿದ್ದುಪಡಿ ನಿಯಮ ಟೈರ್ ತಯಾರಕರ ಮೇಲೆ ಮರುಬಳಕೆಯ ಹೊಣೆ ಹೊರಿಸಿತು. 2022–23ರಲ್ಲಿ ನೂರಕ್ಕೆ 35, ಮರುವರ್ಷ 70, ಆಮೇಲೆ ಪೂರ್ತಿ. ಮರುಬಳಕೆ ಮಾಡಿದವರ ಪ್ರಮಾಣಪತ್ರಕ್ಕೆ ಬೆಲೆ ಬಂತು. ಟೈರಂತೂ ನಮ್ಮಲ್ಲಿ ಬೇಕಾದಷ್ಟಿವೆ: ಹಂಗಾಮು ಶುರುವಾದರೆ ಅಥಣಿ, ಕಾಗವಾಡ, ರಾಯಬಾಗ, ನಿಪ್ಪಾಣಿಯ ಯಾವ ರಸ್ತೆಯಲ್ಲೂ ಎರಡೆರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರುಗಳದೇ ಸಾಲು.

ನಮ್ಮ ಕೆಲಸಕ್ಕೆ ಬಂದದ್ದು ಒಬ್ಬ ಕಾಕಾನ ನೆನಪು. ಆತ ನನ್ನನ್ನು ತನ್ನ ಮೋಟಾರ್ ಖೋಲಿಗೆ ಕರೆದೊಯ್ದು ಗೋಡೆಯ ಮೇಲಿನ ಕೆಸರಿನ ಕಲೆ ತೋರಿಸಿದ. ‘2019ರಾಗ ನೀರ ಇಲ್ಲೀತನಕ ನಿಂತಿತ್ತು ನೋಡ ತಮ್ಮಾ. ಅವರ ಪುಡಿ ಚೀಲ ಈ ಬಾಜೂದ ಹೊಲದಾಗ ಇಡ್ತಾರಂತ. ಮಹಾಪೂರ ಬಂದ್ರ ಎಲ್ಲಿಗೆ ಹೋಗ್ತಾವು?’ ಕಲೆ ನನ್ನ ಎದೆಮಟ್ಟಕ್ಕಿತ್ತು. ಟೇಪು ಹಿಡಿದು ಫೋಟೊ ತೆಗೆದೆವು. ಆದರೆ ಗೋಡೆಯ ಕಲೆ ಯಾರು ಬೇಕಾದರೂ ಮಾಡಬಹುದು ಎಂದು ಎದುರಿನವರು ಅಂದರೆ? ಆಗ ಹೊಳೆದದ್ದು ಬೆಳೆಹಾನಿ ಪರಿಹಾರದ ಪಟ್ಟಿ. ಅದೇ ಸರ್ವೆ ನಂಬರಿಗೆ 2019ರಲ್ಲಿ ತಲಾಠಿ ಪಂಚನಾಮೆ ಮಾಡಿದ್ದರು, ದುಡ್ಡೂ ಜಮಾ ಆಗಿತ್ತು. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಆ ನಕಲು ತೆಗೆಸಿದೆವು. ಮುಳುಗುವ ಹೊಲ ಎಂದು ಸರಕಾರವೇ ಬರೆದುಕೊಟ್ಟ ಕಾಗದವದು.

ವೇದಗಂಗಾ ದೂಧಗಂಗೆಗೆ, ದೂಧಗಂಗಾ ಕೃಷ್ಣೆಗೆ. ನಮ್ಮಲ್ಲಿ ತೊಳೆದುಹೋದದ್ದು ರಾಯಬಾಗ, ಅಥಣಿಯವರ ಕುಡಿಯುವ ನೀರಿಗೆ ಸೇರುತ್ತದೆ. ಮೇಲಿನ ಪಂಚಗಂಗಾ ನದಿ ಕೆಟ್ಟು ಮೀನು ಸತ್ತ ಸುದ್ದಿ ಬಂದಾಗೆಲ್ಲ ಮೇಲಿನವರನ್ನು ಬೈದವರು ನಾವು. ಅದಕ್ಕೇ ಕೆಳಗಿನ ಊರುಗಳ ಪಂಚಾಯಿತಿಗಳಿಗೂ ನಮ್ಮ ಆಕ್ಷೇಪಣೆ ಅರ್ಜಿಯ ನಕಲು ಕಳಿಸಲೇಬೇಕೆಂದು ಹಟ ಹಿಡಿದೆ.

ಗ್ರಾಮಸಭೆ ಸುಲಭವಾಗಿರಲಿಲ್ಲ. ‘ನಿಮಗ ಹೊಲ ಐತ್ರಿ ಅಣ್ಣಾ, ನಮಗ ಕೆಲಸ ಬೇಕು’ ಅಂದ ಹುಡುಗನ ಮಾತು ಹಗುರಾದದ್ದಲ್ಲ. ಆ ಬಿಸಿ ಬಾಗಿಲು ತೆಗೆಯುವ ಕೆಲಸ ಇಂಥವನಿಗೇ ಬರುತ್ತದೆ ಎಂದು ನೆನೆದು ಹೊಟ್ಟೆ ಚುರ್ ಅಂದಿತು. ಕೂಲಿಕಾರರ ಸುರಕ್ಷತೆಯ ಪ್ರಶ್ನೆ ಠರಾವಿಗೆ ಸೇರಿದ್ದು ಅವನಿಂದಲೇ. ಇನ್ನು ಕೆಲವರು ಸರ್ಕಲ್‌ನಲ್ಲಿ ಟೈರ್ ಸುಟ್ಟು ರಸ್ತೆ ತಡೆಯೋಣ ಅಂದರು. ಕಬ್ಬಿನ ದರದ ಹೋರಾಟದಲ್ಲಿ ಅದು ರೂಢಿ. ಇದರಲ್ಲಿ ಬೇಡವೇ ಬೇಡ ಅಂದೆ, ಹಿರಿಯರೂ ಒಪ್ಪಿದರು.

ಬೇರೆ ಊರಿನವರು ಕೇಳಿದರೆ ನಾನು ಒತ್ತಿ ಹೇಳುವುದು ಹೊತ್ತಿನ ಬಗ್ಗೆ. 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆಯಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಮೊದಲು ಸ್ಥಾಪನೆಗೆ, ಆಮೇಲೆ ನಡೆಸಲಿಕ್ಕೆ ಕನ್ಸೆಂಟ್ ಬೇಕು. ಶೆಡ್ ಎದ್ದ ಮೇಲೆ ಕೂಗಿದರೆ ಬ್ಯಾಂಕಿನ ಸಾಲ, ಕೂಲಿಕಾರರ ಹೊಟ್ಟೆಪಾಡು ಎಲ್ಲ ಅಡ್ಡ ಬರುತ್ತವೆ. ಮೊದಲ ಕನ್ಸೆಂಟಿಗೆ ಮುಂಚೆಯೇ ಠರಾವು, ಪಂಚನಾಮೆಯ ನಕಲು, ಫೋಟೊ ಒಟ್ಟಿಗೆ ಕೊಟ್ಟು ನಕಲಿನ ಮೇಲೆ ಸ್ವೀಕೃತಿ ಸಿಕ್ಕಾ ಹಾಕಿಸಿಕೊಳ್ಳಬೇಕು. ನಾವು ಹಾಗೇ ಮಾಡಿದೆವು. ಅಧಿಕಾರಿಗಳು ಜಾಗಕ್ಕೆ ಬಂದು ಮೋಟಾರ್ ಖೋಲಿಯ ಕಲೆಯನ್ನೂ ಅಳೆದು ಹೋದರು.

ಘಟಕದ ಅರ್ಜಿದಾರರು ಈಗ ಹೊಳೆಯಿಂದ ದೂರದ ಎರಿಭೂಮಿಯಲ್ಲಿ ಜಾಗ ನೋಡುತ್ತಿದ್ದಾರೆ. ಆ ಊರಿನವರು ಬಂದು ನಮ್ಮ ಫೈಲಿನ ಝೆರಾಕ್ಸ್ ಒಯ್ದರು. ಅಲ್ಲಿ ಮಹಾಪೂರದ ಪ್ರಶ್ನೆ ಏಳುವುದಿಲ್ಲ. ಆ ಪುಟ ತೆಗೆದು ಸುತ್ತಲಿನ ಬೋರ್‌ವೆಲ್‌ಗಳ ನೀರನ್ನು ಘಟಕ ಬರುವ ಮುನ್ನವೇ ಪರೀಕ್ಷೆ ಮಾಡಿಸಿ ವರದಿ ಸೇರಿಸಿರಿ ಎಂದು ಹೇಳಿ ಕಳಿಸಿದ್ದೇನೆ.