ಚಿತ್ರವಿರುವ ಗ್ರೀಕ್ ನಾಟಕ: ಹಳೆಯ ಪುಸ್ತಕ ಕೊಳ್ಳುವ ಮುನ್ನ

ಮಕ್ಕಳೇ, ಹೈಸ್ಕೂಲಿನಲ್ಲಿ ನಿಮ್ಮಲ್ಲಿ ಹಲವರು ಸಾಫೊಕ್ಲಿಸ್ ಬರೆದ 'ಈಡಿಪಸ್' ಅಥವಾ 'ಆಂಟಿಗನಿ' ನಾಟಕ ಓದುತ್ತೀರಿ. ನಮ್ಮ ಬೇ ಏರಿಯಾಕ್ಕೆ ಗ್ರೀಕ್ ನಾಟಕ ಹೊಸದಲ್ಲ. ಬರ್ಕ್ಲಿ ವಿಶ್ವವಿದ್ಯಾಲಯದ ಗ್ರೀಕ್ ಥಿಯೇಟರ್ 1903ರಲ್ಲಿ ಆರಂಭವಾದದ್ದೇ ಅರಿಸ್ಟೊಫೇನಿಸನ 'ಹಕ್ಕಿಗಳು' ನಾಟಕದಿಂದ. ಈ ನಾಟಕಗಳ ಹಳೆಯ ಸಚಿತ್ರ ಪುಸ್ತಕಗಳನ್ನು ಬರ್ಕ್ಲಿಯ ಮೋಜ್ ಬುಕ್ಸ್, ಸ್ಯಾನ್ ಫ್ರಾನ್ಸಿಸ್ಕೋದ ಗ್ರೀನ್ ಆ್ಯಪಲ್‌ನಂಥ ಅಂಗಡಿಗಳಲ್ಲಿ ಹುಡುಕಬಹುದು. ಆದರೆ ಅಂದದ ರಟ್ಟು ನೋಡಿ ಕೊಂಡರೆ ಸಾಲದು. ನಾಲ್ಕು ವಿಷಯ ಗಮನಿಸೋಣ.

1. ಯಾವ ಮುದ್ರಣ?
ಜಾರ್ಜ್ ಮೇಸಿ 1929ರಲ್ಲಿ ಲಿಮಿಟೆಡ್ ಎಡಿಷನ್ಸ್ ಕ್ಲಬ್ ಆರಂಭಿಸಿದರು. 1955ರಲ್ಲಿ ಈ ಕ್ಲಬ್ ಗಲಾನಿಸ್ ಎಂಬ ಕಲಾವಿದರ ಮರದಚ್ಚಿನ ಚಿತ್ರಗಳೊಡನೆ 'ಈಡಿಪಸ್' ಹೊರತಂದಿತು. ಇಂಥ ಪುಸ್ತಕಗಳ ಕೊನೆಯ ಪುಟದಲ್ಲಿ ಪ್ರತಿಯ ಸಂಖ್ಯೆಯೂ ಸಾಮಾನ್ಯವಾಗಿ ಕಲಾವಿದರ ಸಹಿಯೂ ಇರುತ್ತವೆ, ಬೆಲೆಯೂ ಹೆಚ್ಚು. ಮೇಸಿಯವರದೇ ಹೆರಿಟೇಜ್ ಪ್ರೆಸ್ ಅನೇಕ ಪುಸ್ತಕಗಳನ್ನು ಅದೇ ಚಿತ್ರಗಳೊಡನೆ ಕಡಿಮೆ ಬೆಲೆಗೆ ಮುದ್ರಿಸಿತು. ಓದುವ ಮಕ್ಕಳಿಗೆ ಅದೇ ಸಾಕು.

2. ಯಾರ ಅನುವಾದ?
1955ರ 'ಈಡಿಪಸ್' ಫ್ರಾನ್ಸಿಸ್ ಸ್ಟೋರ್ ಅವರ ಅನುವಾದ. ಅದರ ಇಂಗ್ಲಿಷ್ ನೂರು ವರ್ಷಕ್ಕೂ ಹಳೆಯದು. ಜೊತೆಗೆ ರಾಬರ್ಟ್ ಫೇಗಲ್ಸ್ ಅವರದರಂಥ ಹೊಸ ಅನುವಾದದ ಅಗ್ಗದ ಪ್ರತಿ ಇದ್ದರೆ ಓದು ಸುಲಭವಾಗುತ್ತದೆ.

3. ಪುಸ್ತಕ ಪೂರ್ತಿ ಇದೆಯೇ?
ಚಿತ್ರಗಳ ಪಟ್ಟಿಯಿದ್ದರೆ ಒಂದೊಂದಾಗಿ ಎಣಿಸಿ. ಚಿತ್ರದ ಹಾಳೆಗಳನ್ನು ಕೆಲವರು ಕಿತ್ತು ಚೌಕಟ್ಟು ಹಾಕಿಸುವುದುಂಟು. ಮುಗ್ಗುಲು ವಾಸನೆಯಿದ್ದರೆ ಬಿಟ್ಟುಬಿಡಿ. ಗ್ರಂಥಾಲಯದ ಮುದ್ರೆಯಿದ್ದರೆ ಬೆಲೆ ಇಳಿಯುತ್ತದೆ, ಓದಿಗೆ ತೊಂದರೆಯಿಲ್ಲ.

4. ವಯಸ್ಸಿಗೆ ಸರಿಯೇ?
ಪೋಷಕರಿಗೊಂದು ಮಾತು. 1934ರಲ್ಲಿ ಪಿಕಾಸೊ ಚಿತ್ರಿಸಿದ 'ಲೈಸಿಸ್ಟ್ರಾಟ' ಬಹಳ ಹೆಸರಾದ ಪುಸ್ತಕ. ಆದರೆ ಆ ನಾಟಕ ದೊಡ್ಡವರದು. ಮೊದಲು ನೀವು ಓದಿ.

ಇನ್ನು ಮುಖ್ಯ ವಿಷಯ. ಗ್ರೀಕರು ಘೋರ ಘಟನೆಗಳನ್ನು ಸಾಮಾನ್ಯವಾಗಿ ರಂಗದ ಮೇಲೆ ತೋರಿಸುತ್ತಿರಲಿಲ್ಲ. ಈಡಿಪಸ್ ಕಣ್ಣು ಚುಚ್ಚಿಕೊಳ್ಳುವುದು ಅರಮನೆಯ ಒಳಗೆ. ದೂತನೊಬ್ಬ ಹೊರಬಂದು ಅದನ್ನು ಹೇಳುತ್ತಾನೆ. ನೋಡುಗರು ಮನಸ್ಸಿನಲ್ಲೇ ಅದನ್ನು ಕಾಣಬೇಕು. ಪುಸ್ತಕದ ಚಿತ್ರವಾದರೋ ಒಬ್ಬ ಕಲಾವಿದ ಕಂಡದ್ದು ಮಾತ್ರ. ಅದನ್ನೇ ಮೊದಲು ನೋಡಿದರೆ ನಿಮ್ಮ ಮನಸ್ಸಿನ ಚಿತ್ರ ಮೂಡುವುದೇ ಇಲ್ಲ. ಆದ್ದರಿಂದ ಮೊದಲು ಓದು, ಆಮೇಲೆ ಚಿತ್ರ.

ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಜೊತೆಯಿದೆ. ಬಿ.ಎಂ.ಶ್ರೀ.ಯವರು ಸಾಫೊಕ್ಲಿಸನ 'ಏಜಾಕ್ಸ್' ನಾಟಕವನ್ನು ಮಹಾಭಾರತದ ಅಶ್ವತ್ಥಾಮನಿಗೆ ಹೊಂದಿಸಿ 1929ರಲ್ಲಿ 'ಅಶ್ವತ್ಥಾಮನ್' ಬರೆದರು. ಪಿ. ಲಂಕೇಶರು 'ಈಡಿಪಸ್', 'ಆಂಟಿಗನಿ' ಎರಡನ್ನೂ ಕನ್ನಡಕ್ಕೆ ತಂದರು. ಊರಿಗೆ ಹೋದಾಗ ಇವನ್ನೂ ಹುಡುಕಿ. ಮಗು ಇಂಗ್ಲಿಷಿನಲ್ಲಿ, ಅಜ್ಜ ಕನ್ನಡದಲ್ಲಿ ಒಂದೇ ನಾಟಕ ಓದಿದರೆ ಊಟದ ಹೊತ್ತಿಗೆ ಮಾತಿಗೆ ಬರವಿಲ್ಲ.

ಅಭ್ಯಾಸ:
ಅ) 'ಈಡಿಪಸ್' ನಾಟಕದಲ್ಲಿ ದೂತನ ಮಾತನ್ನು ಓದಿ, ನಿಮಗೆ ಕಂಡ ದೃಶ್ಯ ಬರೆಯಿರಿ.
ಆ) ಆಮೇಲೆ ಪುಸ್ತಕದ ಚಿತ್ರಗಳನ್ನು ನೋಡಿ. ಕಲಾವಿದ ಏನನ್ನು ತೋರಿಸಿದ್ದಾನೆ, ಏನನ್ನು ಬಿಟ್ಟಿದ್ದಾನೆ?
ಇ) ಏಜಾಕ್ಸನ ಜಾಗಕ್ಕೆ ಅಶ್ವತ್ಥಾಮನೇ ಏಕೆ? ಮನೆಯ ಹಿರಿಯರನ್ನು ಕೇಳಿ ತಿಳಿಯಿರಿ.